ಜಪಾನಿನ ಅಜ್ಜಿ ಕಿರಿನ್ ಕಿಕಿ: ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿ ಸಿನಿಮಾ ನೋಡೋಕೆ ಶುರು ಮಾಡಿದವರು ನಾಲ್ಕೈದು ಚಿತ್ರ ಆಗುವಷ್ಟರಲ್ಲಿ ಕೇಳುವ ಪ್ರಶ್ನೆ ಒಂದಿದೆ: "ಎಲ್ಲದರಲ್ಲೂ ಬರ್ತಾರಲ್ಲ, ಆ ಅಜ್ಜಿ ಯಾರು?" ನಾನೂ ಹಾಗೇ ಕೇಳಿದವನು. ಆಮೇಲೆ ಅವರ ಚಿತ್ರಗಳನ್ನು ಹುಡುಕಿ ಹುಡುಕಿ ನೋಡಿದೆ, ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಗೆಳೆಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಇರಲಿ ಅಂತ ಇಲ್ಲಿ ಬರೆದಿದ್ದೇನೆ.

ಕಿರಿನ್ ಕಿಕಿ ಯಾರು?

ಜಪಾನಿನ ಟಿವಿ ಮತ್ತು ಸಿನಿಮಾ ನಟಿ. ಹುಟ್ಟಿದ್ದು 1943ರ ಜನವರಿ 15ರಂದು, ಟೋಕಿಯೊದಲ್ಲಿ. ತೀರಿಕೊಂಡದ್ದು 2018ರ ಸೆಪ್ಟೆಂಬರ್ 15ರಂದು, ಟೋಕಿಯೊದ ತಮ್ಮ ಮನೆಯಲ್ಲೇ. ಆಗ ಅವರಿಗೆ 75 ವರ್ಷ. ಅದರಲ್ಲಿ 50 ವರ್ಷಕ್ಕೂ ಜಾಸ್ತಿ ನಟನೆಯಲ್ಲೇ ಕಳೆದರು. ಹೊರದೇಶದವರಿಗೆ ಗೊತ್ತಾದದ್ದು ಮಾತ್ರ ಕೊನೆಯ ಹತ್ತು ವರ್ಷದಲ್ಲಿ. ಜಪಾನಿನಲ್ಲಿ ಅವರು ಅದಕ್ಕೂ ಎಷ್ಟೋ ಮೊದಲೇ ಮನೆಮಾತಾಗಿದ್ದರು.

ನಟನೆಗೆ ಬಂದದ್ದು ಹೇಗೆ?

ಕಾಲು ಮುರಿದುಕೊಂಡು! ನಿಜವಾಗಿಯೂ ಹಾಗೇ. ಅಪ್ಪ ಬಿವಾ ಎಂಬ ತಂತಿವಾದ್ಯ ನುಡಿಸುವ ಕಲಾವಿದ. ಮಗಳು ಔಷಧಶಾಸ್ತ್ರ ಓದಲಿ ಅನ್ನೋದು ಮನೆಯವರ ಆಸೆ. ಪ್ರವೇಶ ಪರೀಕ್ಷೆ ಹತ್ತಿರ ಬಂದಾಗ ಹೊಕ್ಕಾಯ್ಡೊದಲ್ಲಿ ಸ್ಕೀ ಆಡಲು ಹೋಗಿ ಕಾಲು ಮುರಿಯಿತು, ಪರೀಕ್ಷೆ ತಪ್ಪಿಹೋಯಿತು. ಆ ವರ್ಷವೇ, ಅಂದರೆ 1961ರಲ್ಲಿ, ಬುಂಗಾಕುಜಾ ಎಂಬ ಹೆಸರಾಂತ ನಾಟಕ ತಂಡಕ್ಕೆ ಅರ್ಜಿ ಹಾಕಿ ಸೇರಿದರು.

ಅಲ್ಲಿ ಹರುಕೊ ಸುಗಿಮುರಾ ಎಂಬ ದೊಡ್ಡ ನಟಿಯ ಸಹಾಯಕಿಯಾಗಿ ಓಡಾಡಿದರು. ನಿರ್ದೇಶಕ ಯಾಸುಜಿರೊ ಓಜು ಅವರ ಚಿತ್ರಗಳನ್ನು ನೋಡಿದವರಿಗೆ ಸುಗಿಮುರಾ ಮುಖ ಗೊತ್ತೇ ಇರುತ್ತದೆ. ಹಿರಿಯರ ಹಿಂದೆ ಚೀಲ ಹಿಡಿದು ನಿಂತು, ಅವರು ಹೇಗೆ ಕೂರುತ್ತಾರೆ, ಹೇಗೆ ಏಳುತ್ತಾರೆ ಅಂತ ನೋಡುವುದೇ ಒಂದು ಪಾಠ ಅಲ್ವಾ? 1964ರಲ್ಲಿ 'ಏಳು ಮೊಮ್ಮಕ್ಕಳು' ಎಂಬ ಅರ್ಥದ ಹೆಸರಿನ ಟಿವಿ ಧಾರಾವಾಹಿಯಲ್ಲಿ ಮನೆಗೆಲಸದ ಹುಡುಗಿಯ ಪಾತ್ರ ಸಿಕ್ಕಿತು. ಅಲ್ಲಿ ಜೊತೆಗಿದ್ದವರು ಹೆಸರಾಂತ ನಟ ಹಿಸಾಯಾ ಮೊರಿಶಿಗೆ. ಅಲ್ಲಿಂದ ಅವರ ಟಿವಿ ದಾರಿ ತೆರೆಯಿತು.

ಕಿರಿನ್ ಕಿಕಿ ಅನ್ನೋದು ಅವರ ನಿಜವಾದ ಹೆಸರಾ?

ಅಲ್ಲ. ಹುಟ್ಟಿದಾಗಿನ ಹೆಸರು ಕೇಕೊ ನಕತಾನಿ. ನಟಿಯಾಗಿ ಇಟ್ಟುಕೊಂಡ ಮೊದಲ ಹೆಸರು ಚಿಹೊ ಯೂಕಿ. ಆ ಹೆಸರಲ್ಲೇ ಚೆನ್ನಾಗಿ ಪ್ರಸಿದ್ಧಿಯೂ ಆದರು. ಆಮೇಲೆ ಅದನ್ನು ಮಾರಿಬಿಟ್ಟರು!

ನಡೆದದ್ದು ಇಷ್ಟು. 1977ರಲ್ಲಿ ಒಂದು ಟಿವಿ ವಾಹಿನಿ 'ಟಿವಿ ಅಸಾಹಿ' ಎಂದು ಹೆಸರು ಬದಲಿಸಿಕೊಂಡಿತು. ಆ ಸಂಭ್ರಮದ ಕಾರ್ಯಕ್ರಮದಲ್ಲಿ ಹರಾಜು ಇತ್ತು. ಕಲಾವಿದರು ತಮ್ಮದೊಂದು ವಸ್ತು ಕೊಡಬೇಕು. ತನ್ನ ಹತ್ತಿರ ಮಾರುವಂಥದ್ದು ಏನೂ ಇಲ್ಲ ಅಂತ ಇವರು ಹೆಸರನ್ನೇ ಹರಾಜಿಗಿಟ್ಟರು. 20,200 ಯೆನ್‌ಗೆ ಹೋಯಿತು. ಆಮೇಲೆ ಹೊಸ ಹೆಸರು ಬೇಕಲ್ಲ? ಜಪಾನಿ ಲಿಪಿಯಲ್ಲಿ ನಾಲ್ಕು ಅಕ್ಷರ ಜೋಡಿಸಿದರು. ಮೊದಲ ಎರಡಕ್ಕೂ ಮರ ಅಂತಲೇ ಅರ್ಥ, ಮೂರನೆಯದಕ್ಕೆ ವಿರಳ, ನಾಲ್ಕನೆಯದಕ್ಕೆ ತೋಪು. ಕಿ, ಕಿ, ಕಿ, ರಿನ್. ಮನೆತನದ ಹೆಸರು ಮೊದಲು ಹೇಳುವುದು ಜಪಾನಿನ ರೂಢಿ. ಹಾಗಾಗಿ ಅಲ್ಲಿನವರು 'ಕಿಕಿ ಕಿರಿನ್' ಅನ್ನುತ್ತಾರೆ, ಹೊರಗಿನವರು ತಿರುಗಿಸಿ 'ಕಿರಿನ್ ಕಿಕಿ' ಅನ್ನುತ್ತೇವೆ.

ಹೆಸರು ಮಾಡಲು ಜೀವನವಿಡೀ ಒದ್ದಾಡುವ ಕ್ಷೇತ್ರದಲ್ಲಿ, ಮಾಡಿದ ಹೆಸರನ್ನು ಅಷ್ಟು ಹಗುರಾಗಿ ಕೈಬಿಟ್ಟವರು ಇವರು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಈ ಸಂಗತಿ ಓದಿದ ದಿನ.

31ನೇ ವಯಸ್ಸಿಗೇ ಅಜ್ಜಿ ಪಾತ್ರ ಮಾಡಿದರಂತೆ, ಹೌದಾ?

ಹೌದು. ಅದೂ ಯಾರೂ ಮರೆಯದ ಹಾಗೆ.

1974ರ ಜನವರಿಯಲ್ಲಿ 'ತೆರಾಉಚಿ ಕಂತಾರೊ ಇಕ್ಕಾ' ಎಂಬ ಧಾರಾವಾಹಿ ಶುರುವಾಯಿತು. ಅಂದರೆ ಕಂತಾರೊ ತೆರಾಉಚಿಯ ಸಂಸಾರ. ಟೋಕಿಯೊದ ಯನಕದಲ್ಲಿ ಸಮಾಧಿ ಕಲ್ಲು ಕೆತ್ತುವ ಅಂಗಡಿ, ಮೂಗಿನ ತುದಿಯಲ್ಲೇ ಕೋಪ ಇರುವ ಯಜಮಾನ, ಊಟಕ್ಕೆ ಕೂತಲ್ಲೇ ಜಗಳ. ಬರೆದವರು ಕುನಿಕೊ ಮುಕೊದಾ, ನಿರ್ಮಾಪಕರು ತೆರುಹಿಕೊ ಕುಜೆ. ಕಂತಾರೊ ಆಗಿದ್ದವರು ಸಂಗೀತ ಸಂಯೋಜಕ ಅಸೆಯ್ ಕೊಬಾಯಾಶಿ. ಅವರ ತಾಯಿ ಕಿನ್ ಪಾತ್ರ ಕಿಕಿ ಅವರದು. ಲೆಕ್ಕ ಹಾಕಿ ನೋಡಿ: ಕೊಬಾಯಾಶಿ ಹುಟ್ಟಿದ್ದು 1932ರಲ್ಲಿ. 'ಮಗ'ನೇ ತಾಯಿಗಿಂತ ಹತ್ತು ವರ್ಷ ದೊಡ್ಡವರು!

ಮುಖಕ್ಕೆ ಸುಕ್ಕಿನ ಮೇಕಪ್ ಬಳಿದುಕೊಂಡು ಅವರು ಅಜ್ಜಿಯಾಗಲಿಲ್ಲ. ತಲೆಕೂದಲಿನ ಬಣ್ಣ ತೆಗೆಸಿದರು. ಬೆನ್ನು ಬಾಗಿಸಿದರು. ಆದರೆ ಕೈಗಳು? ಅವು ಮೂವತ್ತರ ಹೆಂಗಸಿನ ಕೈಗಳೇ ತಾನೆ. ಅದಕ್ಕೆ ಬೆರಳ ತುದಿ ಕತ್ತರಿಸಿದ ಉಣ್ಣೆಯ ಕೈಗವಸು ತೊಟ್ಟರು, ಮುದುಕರಿಗೆ ಚಳಿ ಜಾಸ್ತಿ ಅನ್ನುವ ಹಾಗೆ. ನೋಡುವವರಿಗೆ ಅದು ಕಿನ್ ಅಜ್ಜಿಯ ಅಭ್ಯಾಸ ಅಂತಲೇ ಅನ್ನಿಸಿತು. ವಯಸ್ಸು ಮೊದಲು ಗೊತ್ತಾಗುವುದು ಕೈಯಲ್ಲಿ ಅಂತ ಅವರಿಗೆ ಆಗಲೇ ಹೊಳೆದಿತ್ತು. ಆಮೇಲಿನ ಅವರ ಯಾವ ಚಿತ್ರ ನೋಡಿದರೂ ನಾನು ಮೊದಲು ನೋಡುವುದು ಕೈಗಳನ್ನೇ.

ಕಿನ್ ಅಜ್ಜಿಯ ಇನ್ನೊಂದು ಚಾಳಿ ಇಡೀ ದೇಶಕ್ಕೆ ಹಿಡಿಸಿತು. ಕೋಣೆಯ ಗೋಡೆಯ ಮೇಲೆ ಗಾಯಕ ಕೆಂಜಿ ಸವಾದಾ ಅವರ ಪೋಸ್ಟರ್. ಅವರ ಅಡ್ಡಹೆಸರು ಜೂಲಿ. ಅಜ್ಜಿ ಅದನ್ನು ನೋಡಿ ಮೈಯೆಲ್ಲ ಕುಲುಕಿಸಿ "ಜೂಲೀ...!" ಅಂತ ಕೂಗುತ್ತಿದ್ದರು. ಅಜ್ಜಿ ಅಂದರೆ ಮೂಲೆಯಲ್ಲಿ ಕೂತು ಜಪ ಮಾಡುವವಳು ಅನ್ನೋ ಎಣಿಕೆ ಅಲ್ಲಿಗೆ ಮುರಿಯಿತು.

ಹಾಗಾದರೆ ಟಿವಿಯಲ್ಲಿ ಬರೀ ತಮಾಷೆ ಪಾತ್ರಗಳೇನಾ?

ಅಲ್ಲ. 1981ರಲ್ಲಿ ಎನ್‌ಎಚ್‌ಕೆ ವಾಹಿನಿಯ 'ಯುಮೆಚಿಯೊ ನಿಕ್ಕಿ'ಯಲ್ಲಿ ನಟಿ ಸಯುರಿ ಯೊಶಿನಾಗಾ ಜೊತೆ ಗೇಶಾ ಪಾತ್ರ ಮಾಡಿದರು. 1986ರಲ್ಲಿ ಅದೇ ವಾಹಿನಿಯ ಬೆಳಗಿನ ಧಾರಾವಾಹಿ 'ಹನೆಕೊಮ್ಮಾ'ದಲ್ಲಿ ಮಾಡಿದ ಪಾತ್ರಕ್ಕೆ ಜಪಾನ್ ಸರ್ಕಾರದ ಶಿಕ್ಷಣ ಸಚಿವರ ಕಲಾ ಪ್ರಶಸ್ತಿ ಬಂತು. ಸಿನಿಮಾದಲ್ಲೂ ಆಗಾಗ ಇದ್ದರು. ಸೆಯ್ಜುನ್ ಸುಜುಕಿ ಅವರ 1980ರ 'ಜಿಗಾಯ್ನರ್‌ವೈಜನ್' ಚಿತ್ರದಲ್ಲಿ ಇವರೂ ಇದ್ದಾರೆ. ಆದರೆ ಆಗಿನ ಮಟ್ಟಿಗೆ ಅವರು ಟಿವಿಯ ನಟಿಯೇ.

ಜಾಹೀರಾತಿನಿಂದಲೂ ಹೆಸರಾದರಂತೆ?

ಫ್ಯೂಜಿ ಕಲರ್ ಜಾಹೀರಾತು. 1980ರ ಹೊತ್ತಿನದು. ಫೋಟೊ ಅಂಗಡಿಗೆ ಬರುವ ಗಿರಾಕಿ ಕಿಕಿ, ಗಲ್ಲಾದ ಹಿಂದೆ ಕಯೊಕೊ ಕಿಶಿಮೊತೊ. ಚೆನ್ನಾಗಿರುವವರು ಫೋಟೊದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತಾರೆ ಅನ್ನುತ್ತಾಳೆ ಅಂಗಡಿಯವಳು. ಹಾಗಾದರೆ ಚೆನ್ನಾಗಿಲ್ಲದವರು? "ಅವರು ಇದ್ದ ಹಾಗೆ" ಅನ್ನುವ ಅರ್ಥದ ಉತ್ತರ. ಚೆನ್ನಾಗಿಲ್ಲದವರೂ ಚೆನ್ನಾಗಿ ಬರುತ್ತಾರೆ ಅಂತ ಮೊದಲು ಬರೆದಿದ್ದರಂತೆ. ಅದು ಸುಳ್ಳಲ್ವಾ ಅಂತ ಕಿಕಿ ಅವರೇ ತಿದ್ದಿಸಿದರು. ಆ ಮಾತು ಜಪಾನಿನ ಜನರ ಬಾಯಲ್ಲಿ ಉಳಿಯಿತು.

ನಿರ್ದೇಶಕ ಹಿರೊಕಾಜು ಕೊರೆಎದಾ ಜೊತೆ ಎಷ್ಟು ಚಿತ್ರ ಮಾಡಿದ್ದಾರೆ?

ಆರು. 'ಸ್ಟಿಲ್ ವಾಕಿಂಗ್' (2008), 'ಐ ವಿಶ್' (2011), 'ಲೈಕ್ ಫಾದರ್, ಲೈಕ್ ಸನ್' (2013), 'ಅವರ್ ಲಿಟಲ್ ಸಿಸ್ಟರ್' (2015), 'ಆಫ್ಟರ್ ದ ಸ್ಟಾರ್ಮ್' (2016), 'ಶಾಪ್‌ಲಿಫ್ಟರ್ಸ್' (2018). ಇಂಗ್ಲಿಷ್ ಹೆಸರುಗಳಲ್ಲೇ ಹುಡುಕಿದರೆ ಬೇಗ ಸಿಗುತ್ತವೆ. ಕೆಲವದರಲ್ಲಿ ಅವರದು ಚಿಕ್ಕ ಪಾತ್ರ. 'ಆಫ್ಟರ್ ದ ಸ್ಟಾರ್ಮ್' ಚಿತ್ರೀಕರಿಸಿದ್ದು ಕೊರೆಎದಾ ತಾವೇ ಬೆಳೆದ ಕಿಯೊಸೆ ಊರಿನ ವಸತಿ ಸಂಕೀರ್ಣದಲ್ಲಿ. ಆ ಇಕ್ಕಟ್ಟಾದ ಅಡುಗೆಮನೆಯಲ್ಲಿ ಕಿಕಿ ಓಡಾಡುವುದನ್ನು ನೋಡಿದರೆ ಮೂವತ್ತು ವರ್ಷದಿಂದ ಅಲ್ಲೇ ಸಂಸಾರ ಮಾಡಿದವರು ಅನ್ನಿಸುತ್ತದೆ.

'ಸ್ಟಿಲ್ ವಾಕಿಂಗ್' ಅನ್ನು ಎಲ್ಲರೂ ಯಾಕೆ ಅಷ್ಟು ಹೊಗಳುತ್ತಾರೆ?

ನನ್ನನ್ನು ಕೇಳಿದರೆ ಅವರ ಎಲ್ಲ ಚಿತ್ರಗಳಿಗಿಂತ ಒಂದು ತೂಕ ಹೆಚ್ಚು ಇದೇ. ಕಾರಣ ಹೇಳುತ್ತೇನೆ. (ಕಥೆ ಗೊತ್ತಾಗಬಾರದು ಅನ್ನುವವರು ಮುಂದಿನ ಪ್ರಶ್ನೆಗೆ ಹೋಗಿ.)

ಕಥೆ ಅಂತ ದೊಡ್ಡದೇನಿಲ್ಲ. ವಯಸ್ಸಾದ ಡಾಕ್ಟರ್ ಮತ್ತು ಅವರ ಹೆಂಡತಿ. ಹಿರಿಯ ಮಗ ಜುನ್‌ಪೆಯ್ ಎಷ್ಟೋ ವರ್ಷದ ಹಿಂದೆ, ಮುಳುಗುತ್ತಿದ್ದ ಹುಡುಗನನ್ನು ಉಳಿಸಲು ಹೋಗಿ ಸಮುದ್ರದ ಪಾಲಾದ. ಅವನ ವರ್ಷದ ದಿನಕ್ಕೆ ಮಕ್ಕಳು, ಮೊಮ್ಮಕ್ಕಳು ಮನೆಗೆ ಬರುತ್ತಾರೆ. ತಾಯಿ ತೊಶಿಕೊ ಪಾತ್ರ ಕಿಕಿ ಅವರದು.

ಶುರುವಿನಲ್ಲೇ ಅಡುಗೆಮನೆ. ತರಕಾರಿ ಹೆರೆಯುತ್ತಾ ತಾಯಿ ಮಗಳ ಮಾತು. ಆಮೇಲೆ ಜೋಳದ ತೆನೆಯಿಂದ ಹೆಬ್ಬೆರಳಲ್ಲಿ ಸಾಲು ಸಾಲಾಗಿ ಕಾಳು ಬಿಡಿಸುವುದು. ಹಿಟ್ಟಿಗೆ ಹಾಕಿ ಎಣ್ಣೆಗೆ ಬಿಟ್ಟರೆ ಚಟಪಟ ಸಿಡಿಯುತ್ತದೆ. ಹಬ್ಬದ ಹಿಂದಿನ ದಿನ ನಮ್ಮ ಮನೆಗಳಲ್ಲೂ ಹೀಗೇ ತಾನೆ? ಕೈಗೆ ಕೆಲಸ, ಬಾಯಿಗೆ ಊರ ಸುದ್ದಿ. ಹೀಗೆ ನಗುನಗುತ್ತಾ ಇರುವ ತಾಯಿ ನಮಗೆ ತುಂಬಾ ಹತ್ತಿರ ಆಗಿಬಿಡುತ್ತಾರೆ.

ಅಂದು ಬದುಕುಳಿದ ಹುಡುಗ ಪ್ರತಿ ವರ್ಷ ಆ ದಿನ ಬರುತ್ತಾನೆ. ಈಗ ದಪ್ಪಗಾಗಿದ್ದಾನೆ. ಬೆವರು ಸುರಿಸುತ್ತಾ ಮುದುಡಿ ಕೂರುತ್ತಾನೆ. ತೊಶಿಕೊ ನಯವಾಗಿ ಮಾತಾಡಿಸುತ್ತಾರೆ, ಮುಂದಿನ ವರ್ಷವೂ ತಪ್ಪದೆ ಬಾ ಅನ್ನುತ್ತಾರೆ. ರಾತ್ರಿ ಕಿರಿಯ ಮಗ ಕೇಳುತ್ತಾನೆ: ಪಾಪ, ಅವನನ್ನು ಇನ್ನು ಕರೆಯೋದು ಬೇಡ, ಬಿಟ್ಟುಬಿಡೋಣ. ತಾಯಿ ಕ್ರೋಶಾ ಕಡ್ಡಿಯಲ್ಲಿ ನೂಲು ಹೆಣೆಯುತ್ತಾ ಕೂತಿರುತ್ತಾರೆ. ಅದಕ್ಕೇ ಕರೆಯೋದು, ಅನ್ನುವ ಹಾಗೆ ಉತ್ತರ ಬರುತ್ತದೆ. ತನ್ನ ಸಂಕಟ ಮುಗಿಯದಿರುವಾಗ ಅವನು ಮಾತ್ರ ಹತ್ತು ಹನ್ನೆರಡು ವರ್ಷಕ್ಕೇ ಮರೆತು ಹಾಯಾಗಿ ಯಾಕಿರಬೇಕು? ವರ್ಷಕ್ಕೊಂದು ದಿನವಾದರೂ ಅವನೂ ಬೇಯಲಿ.

ದನಿ ಏರುವುದಿಲ್ಲ. ಕಣ್ಣಲ್ಲಿ ನೀರಿಲ್ಲ. ಕೈ ನಿಲ್ಲುವುದಿಲ್ಲ. ಅದೇ ಕೈ, ಮಧ್ಯಾಹ್ನ ಜೋಳ ಬಿಡಿಸಿದ್ದು. ಮೊದಲ ಸಲ ನೋಡಿದಾಗ ನನಗೆ ಬೆನ್ನಲ್ಲಿ ಚಳಿ ಹುಟ್ಟಿತು. ಆದರೂ ಆ ತಾಯಿಯನ್ನು ಕೆಟ್ಟವಳು ಅನ್ನಲು ಮನಸ್ಸು ಬರಲಿಲ್ಲ. ಮುಂದೆ ಮನೆಯೊಳಗೆ ಒಂದು ಹಳದಿ ಚಿಟ್ಟೆ ಬರುತ್ತದೆ. ಮಗನೇ ಬಂದ ಅಂತ ಅವರು ಅದರ ಹಿಂದೆ ಹೋಗುತ್ತಾರೆ. ನಂಜು ಮತ್ತು ಅಳಲು ಎರಡೂ ಒಬ್ಬಳೇ ತಾಯಿಯ ಹೊಟ್ಟೆಯಲ್ಲಿ ಇರಬಹುದು ಅಂತ ಇಷ್ಟು ಸಲೀಸಾಗಿ ತೋರಿಸಿದ ನಟಿಯನ್ನು ನಾನು ಬೇರೆ ಕಂಡಿಲ್ಲ. ಈ ಪಾತ್ರಕ್ಕೆ ಅವರಿಗೆ ಜಪಾನಿನ ಬ್ಲೂ ರಿಬನ್ ಸಿನಿಮಾ ಪ್ರಶಸ್ತಿಗಳಲ್ಲಿ ಪೋಷಕ ನಟಿ ಪ್ರಶಸ್ತಿ ಬಂತು.

ಕಾಳು ಬೇಯಿಸುವ ಅಜ್ಜಿಯ ಚಿತ್ರ ಯಾವುದು?

'ಸ್ವೀಟ್ ಬೀನ್', 2015. ಜಪಾನಿಯಲ್ಲಿ ಹೆಸರು ಬರೀ 'ಆನ್'. ಆನ್ ಅಂದರೆ ಅಜುಕಿ ಎಂಬ ಕೆಂಪು ಕಾಳನ್ನು ಬೇಯಿಸಿ ಸಿಹಿ ಹಾಕಿ ಮಾಡಿದ ಹೂರಣ. ನಮ್ಮ ಒಬ್ಬಟ್ಟಿನ ಹೂರಣ ಗೊತ್ತಿದ್ದವರಿಗೆ ಬೇರೆ ವಿವರ ಬೇಡ. ಅದನ್ನು ಎರಡು ಚಿಕ್ಕ ದೋಸೆಯಂಥ ಬಿಲ್ಲೆಗಳ ನಡುವೆ ಇಟ್ಟರೆ ದೋರಾಯಾಕಿ. ನಿರ್ದೇಶಕಿ ನವೊಮಿ ಕವಾಸೆ. ಕಾನ್ ಚಿತ್ರೋತ್ಸವದ 'ಅನ್ ಸರ್ಟನ್ ರಿಗಾರ್ಡ್' ವಿಭಾಗ ಆ ವರ್ಷ ಶುರುವಾದದ್ದು ಇದೇ ಚಿತ್ರದಿಂದ.

ಸಣ್ಣ ದೋರಾಯಾಕಿ ಅಂಗಡಿಗೆ ತೊಕುಎ ಎಂಬ ವಯಸ್ಸಾದ ಹೆಂಗಸು ಕೆಲಸ ಕೇಳಿಕೊಂಡು ಬರುತ್ತಾಳೆ. ಅವಳ ಬೆರಳುಗಳು ಸೊಟ್ಟಗಾಗಿವೆ. ಅಂಗಡಿಯವನು ಆಗಲ್ಲ ಅನ್ನುತ್ತಾನೆ. ಅವಳು ತಾನು ಮಾಡಿದ ಹೂರಣ ಕೊಟ್ಟು ಹೋಗುತ್ತಾಳೆ. ಅದರ ರುಚಿ ನೋಡಿದವನು ತೆಪ್ಪಗೆ ಕೆಲಸ ಕೊಡುತ್ತಾನೆ. ಅವನು ಅಲ್ಲಿಯವರೆಗೆ ಬಳಸುತ್ತಿದ್ದದ್ದು ರೆಡಿಮೇಡ್ ಡಬ್ಬಿಯ ಹೂರಣ.

ಬೆಳಗಾಗುವ ಮೊದಲೇ ಬಂದು ಅವಳು ಕಾಳು ಬೇಯಿಸುವ ಭಾಗ ಇದೆಯಲ್ಲ, ಅದನ್ನು ನಾನು ಎಷ್ಟು ಸಲ ನೋಡಿದ್ದೇನೋ. ತೊಳೆದು, ಬೇಯಿಸಿ, ನೀರು ಬಸಿದು, ಮತ್ತೆ ಇಟ್ಟು, ಮುಚ್ಚಳ ತೆಗೆದು, ಹಬೆಯೊಳಗೆ ಮುಖ ಇಟ್ಟು ಕೇಳಿಸಿಕೊಳ್ಳುತ್ತಾಳೆ. ಕಾಳು ಏನು ಹೇಳುತ್ತಿದೆ ಅಂತ! ಹೂರಣದ ಬೇಳೆ ಹದಕ್ಕೆ ಬಂತಾ ಅಂತ ನನ್ನ ಅಜ್ಜಿ ಎರಡು ಬೆರಳ ನಡುವೆ ಹಿಸುಕಿ ನೋಡುತ್ತಿದ್ದಳು. ಮಧ್ಯೆ ಯಾರೂ ಮಾತಾಡಿಸುವಂತಿರಲಿಲ್ಲ. ತೊಕುಎಯನ್ನು ನೋಡಿದಾಗ ಅದೇ ನೆನಪಾಯಿತು.

ಬೆರಳು ಸೊಟ್ಟಗಾಗಲು ಕಾರಣ ಹ್ಯಾನ್ಸನ್ ಕಾಯಿಲೆ, ನಾವು ಕುಷ್ಠ ಅನ್ನುತ್ತೇವಲ್ಲ ಅದು. ಎಂದೋ ವಾಸಿಯಾಗಿದೆ. ಆದರೆ ಜಪಾನಿನಲ್ಲಿ ಈ ರೋಗಿಗಳನ್ನು ಊರಿಂದ ದೂರ ಇಡುವ ಕಾನೂನು ರದ್ದಾದದ್ದು 1996ರಲ್ಲಿ. ವಾಸಿಯಾದವರೂ ಅಲ್ಲಿಯವರೆಗೆ ಆರೋಗ್ಯಧಾಮಗಳಲ್ಲೇ ಬದುಕು ಸವೆಸಿದರು. ಸುದ್ದಿ ಹಬ್ಬುತ್ತದೆ, ಗಿರಾಕಿಗಳು ಬರುವುದು ನಿಲ್ಲುತ್ತದೆ. ತೊಕುಎ ಯಾರನ್ನೂ ದೂರದೆ ಹೊರಟುಹೋಗುತ್ತಾಳೆ.

ಈ ಚಿತ್ರದಲ್ಲಿ ಬರುವ ಶಾಲೆಯ ಹುಡುಗಿ ವಕಾನಾ, ಕಿಕಿ ಅವರ ಸ್ವಂತ ಮೊಮ್ಮಗಳು ಕ್ಯಾರಾ ಉಚಿದಾ. ತೊಕುಎ ಪಾತ್ರಕ್ಕೆ ಕಿಕಿ ಅವರಿಗೆ 2015ರ ಏಷ್ಯಾ ಪೆಸಿಫಿಕ್ ಸ್ಕ್ರೀನ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ನಟಿ ಗೌರವ ಸಿಕ್ಕಿತು.

'ಶಾಪ್‌ಲಿಫ್ಟರ್ಸ್'ನಲ್ಲಿ ಅವರಿಗೆ ನಿಜವಾಗಿಯೂ ಹಲ್ಲಿರಲಿಲ್ಲವಾ?

ಕಟ್ಟಿಸಿದ ಹಲ್ಲಿನ ಸೆಟ್ ತೆಗೆದಿಟ್ಟು ನಟಿಸಿದರು. ಕೂದಲನ್ನೂ ಬೆಳೆಯಲು ಬಿಟ್ಟರು. ಹಲ್ಲಿಲ್ಲದ ಬಾಯಲ್ಲಿ ಕಿತ್ತಳೆ ಹೀರುವುದು ನೋಡಿ, ಎಷ್ಟು ಸಹಜ! ಚೆಂದ ಕಾಣಬೇಕು ಅನ್ನುವ ಯೋಚನೆಯೇ ಅವರ ಹತ್ತಿರ ಸುಳಿಯುತ್ತಿರಲಿಲ್ಲ.

ಸಮುದ್ರ ತೀರದ ದೃಶ್ಯವನ್ನು ಮಾತ್ರ ಕಣ್ಣಿಟ್ಟು ನೋಡಿ. ಮನೆಯವರೆಲ್ಲ ಅಲೆಯಲ್ಲಿ ಆಡುತ್ತಿರುತ್ತಾರೆ. ಅಜ್ಜಿ ಮರಳಲ್ಲಿ ಕೂತು ಅವರನ್ನೇ ನೋಡುತ್ತಾ ತುಟಿ ಅಲ್ಲಾಡಿಸುತ್ತಾರೆ. ದನಿ ಕೇಳುವುದಿಲ್ಲ. ಚಿತ್ರಕಥೆಯಲ್ಲಿ ಆ ಮಾತು ಇರಲೇ ಇಲ್ಲ. ಸಂಕಲನದ ಮೇಜಿನ ಮುಂದೆ ಕೂತಾಗ ಕೊರೆಎದಾ ಅದನ್ನು ಗಮನಿಸಿದರು: ಅವರು ಎಲ್ಲರಿಗೂ ಥ್ಯಾಂಕ್ಸ್ ಹೇಳುತ್ತಿದ್ದರು. 2018ರ ಮೇ ತಿಂಗಳಲ್ಲಿ ಚಿತ್ರಕ್ಕೆ ಕಾನ್‌ನ ಅತಿ ದೊಡ್ಡ ಪ್ರಶಸ್ತಿ ಪಾಮ್ ದೋರ್ ಬಂತು. ನಾಲ್ಕು ತಿಂಗಳಿಗೆ ಕಿಕಿ ಹೋಗಿಬಿಟ್ಟರು.

ಗಂಡನ ಜೊತೆ 40 ವರ್ಷ ಬೇರೆ ಬೇರೆ ಇದ್ದರೂ ಡೈವೋರ್ಸ್ ಕೊಡಲಿಲ್ಲವಂತೆ?

ನಿಜ. ಮೊದಲ ಮದುವೆ ನಟ ಶಿನ್ ಕಿಶಿದಾ ಜೊತೆ, ಅದು ಉಳಿಯಲಿಲ್ಲ. 1973ರಲ್ಲಿ ರಾಕ್ ಸಂಗೀತಗಾರ ಯೂಯಾ ಉಚಿದಾ ಅವರನ್ನು ಮದುವೆಯಾದರು. ಸ್ವಲ್ಪ ಕಾಲಕ್ಕೇ ಬೇರೆ ಇರತೊಡಗಿದರು. 1981ರಲ್ಲಿ ಯೂಯಾ ಇವರಿಗೆ ಹೇಳದೆ ವಿಚ್ಛೇದನದ ಕಾಗದ ಸಲ್ಲಿಸಿದರು. ಕಿಕಿ ಕೋರ್ಟಿಗೆ ಹೋಗಿ ಅದು ಅಸಿಂಧು ಅಂತ ತೀರ್ಪು ತಂದರು. ಯಾಕೆ ಅಂತ ನಾವು ಹೊರಗಿನವರು ತೀರ್ಮಾನ ಕೊಡುವುದು ಬೇಡ. ಇವರು ಹೋದ ಆರು ತಿಂಗಳಿಗೆ, 2019ರ ಮಾರ್ಚ್‌ನಲ್ಲಿ ಯೂಯಾ ಕೂಡ ತೀರಿಕೊಂಡರು. ಮಗಳು ಯಾಯಾಕೊ ಬರಹಗಾರ್ತಿ. ಅಳಿಯ ಮಸಾಹಿರೊ ಮೊತೊಕಿ, 'ಡಿಪಾರ್ಚರ್ಸ್' ಚಿತ್ರದ ನಾಯಕ.

ಕ್ಯಾನ್ಸರ್ ಇದ್ದೂ ಅಷ್ಟು ಕೆಲಸ ಮಾಡಿದರಾ?

ನೀವು ನೋಡಿರುವ ಅವರ ಹೆಚ್ಚಿನ ಚಿತ್ರಗಳು ಕಾಯಿಲೆ ಬಂದ ಮೇಲಿನವೇ. 2003ರಲ್ಲಿ ರೆಟಿನಾ ಕಳಚಿ ಎಡಗಣ್ಣಿನ ದೃಷ್ಟಿ ಹೋಯಿತು. 2005ರಲ್ಲಿ ಸ್ತನ ಕ್ಯಾನ್ಸರಿಗೆ ಆಪರೇಷನ್ ಆಯಿತು. 2013ರಲ್ಲಿ 'ಕ್ರಾನಿಕಲ್ ಆಫ್ ಮೈ ಮದರ್' ಚಿತ್ರದಲ್ಲಿ ಮರೆವಿನ ಕಾಯಿಲೆಯ ತಾಯಿಯ ಪಾತ್ರಕ್ಕೆ ಜಪಾನ್ ಅಕಾಡೆಮಿಯ ಅತ್ಯುತ್ತಮ ನಟಿ ಪ್ರಶಸ್ತಿ ಬಂತು. ಅದೇ ವೇದಿಕೆಯ ಮೇಲೆ ನಿಂತು, ತನ್ನ ಮೈಯೆಲ್ಲ ಕ್ಯಾನ್ಸರ್ ಹರಡಿದೆ ಅಂತ ಹೇಳಿದರು. ಸಭೆ ಬೆಚ್ಚಿತು. ಅವರು ಮಾತ್ರ ಹವೆಯ ವಿಷಯ ಹೇಳಿದಷ್ಟು ಸಾಮಾನ್ಯವಾಗಿ ಹೇಳಿದ್ದರು. ಅದಾದ ಮೇಲೂ ಐದು ವರ್ಷ ಬಿಡದೆ ನಟಿಸಿದರು.

ಮ್ಯಾನೇಜರ್ ಕೂಡ ಇರಲಿಲ್ಲವಂತೆ, ನಿಜವಾ?

ನಿಜ. ಏಜೆನ್ಸಿ ಇಲ್ಲ, ಮ್ಯಾನೇಜರ್ ಇಲ್ಲ. ಕೆಲಸ ಇದ್ದವರು ಮನೆಯ ಫೋನಿನ ಆನ್ಸರಿಂಗ್ ಮಷೀನಿಗೆ ಹೇಳಬೇಕು, ಇಲ್ಲವೇ ಫ್ಯಾಕ್ಸ್ ಕಳಿಸಬೇಕು. ಬಟ್ಟೆ ಬೇರೆಯವರು ಕೊಟ್ಟದ್ದು, ಹಳೆಯದನ್ನೇ ತಿದ್ದಿ ಹೊಲಿದದ್ದು.

ಮುಖ್ಯ ಪ್ರಶಸ್ತಿಗಳು?

ಮೇಲೆ ಹೇಳಿದವು ಬಿಟ್ಟರೆ, 'ಟೋಕಿಯೊ ಟವರ್' (2007) ಚಿತ್ರಕ್ಕೂ ಜಪಾನ್ ಅಕಾಡೆಮಿಯ ಅತ್ಯುತ್ತಮ ನಟಿ. ಅದರಲ್ಲಿ ತಾಯಿಯ ಎಳೆ ವಯಸ್ಸಿನ ಪಾತ್ರ ಮಾಡಿದ್ದು ಮಗಳು ಯಾಯಾಕೊ. 'ವಿಲನ್' (2010) ಮತ್ತು 'ಶಾಪ್‌ಲಿಫ್ಟರ್ಸ್'ಗೆ ಪೋಷಕ ನಟಿ ಪ್ರಶಸ್ತಿ. ಎರಡನೆಯದು ಬಂದಾಗ ಅವರಿರಲಿಲ್ಲ. ಸರ್ಕಾರದಿಂದ 2008ರಲ್ಲಿ ನೇರಳೆ ರಿಬ್ಬನ್ ಪದಕ, 2014ರಲ್ಲಿ ಉದಯಸೂರ್ಯ ಪದಕ.

ಜಪಾನೀಸ್ ಒಂದಕ್ಷರ ಬರೋದಿಲ್ಲ. ಎಲ್ಲಿಂದ ಶುರು ಮಾಡಲಿ?

'ಸ್ವೀಟ್ ಬೀನ್'ನಿಂದ. ಅದು ಬೇಗ ಹತ್ತಿರವಾಗುತ್ತದೆ. ಆಮೇಲೆ 'ಸ್ಟಿಲ್ ವಾಕಿಂಗ್', ಮನೆಯವರ ಜೊತೆ ಕೂತು. ಡಬ್ ಆದದ್ದು ಸಿಕ್ಕರೂ ಬೇಡ, ಸಬ್‌ಟೈಟಲ್ ಇರುವುದನ್ನೇ ನೋಡಿ. ಗೊಣಗುವುದು, ಮಾತನ್ನು ಅರ್ಧಕ್ಕೇ ಬಿಡುವುದು, ಉಸಿರಲ್ಲೇ ನಗುವುದು, ಇವೆಲ್ಲ ಡಬ್ಬಿಂಗ್‌ನಲ್ಲಿ ಹೊರಟುಹೋಗುತ್ತವೆ. ಆದರೆ ಎರಡು ಸಲ ನೋಡಿ. ಮೊದಲ ಸಲ ಓದುವುದರಲ್ಲೇ ಕಳೆದುಹೋಗುತ್ತದೆ.

ಅವರ ಕೊನೆಯ ಚಿತ್ರ ಯಾವುದು?

ಅವರು ಹೋದ ಮುಂದಿನ ತಿಂಗಳು 'ಎವೆರಿ ಡೇ ಎ ಗುಡ್ ಡೇ' ತೆರೆಗೆ ಬಂತು. ಅದರಲ್ಲಿ ಅವರು ಚಹಾ ವಿಧಿ ಕಲಿಸುವ ಗುರು. ಆದರೆ ಕೊನೆಯದಾಗಿ ನಟಿಸಿದ್ದು ಜರ್ಮನ್ ನಿರ್ದೇಶಕಿ ಡೋರಿಸ್ ಡೋರಿ ಅವರ 'ಚೆರಿ ಬ್ಲಾಸಮ್ಸ್ ಅಂಡ್ ಡೀಮನ್ಸ್'ನಲ್ಲಿ, 2018ರ ಬೇಸಿಗೆಯಲ್ಲಿ. ಚಿಗಸಾಕಿ ಎಂಬ ಕಡಲ ತೀರದ ಊರಿನ ಹಳೆಯ ವಸತಿಗೃಹವೊಂದರ ಒಡತಿಯ ಪಾತ್ರ. ಆ ವಸತಿಗೃಹದ ಹೆಸರು ಚಿಗಸಾಕಿ-ಕನ್. ಓಜು ತಿಂಗಳುಗಟ್ಟಲೆ ಉಳಿದುಕೊಂಡು ತಮ್ಮ ಚಿತ್ರಕಥೆಗಳನ್ನು ಬರೆಯುತ್ತಿದ್ದದ್ದು ಅಲ್ಲೇ. ಅವುಗಳಲ್ಲಿ ನಟಿಸುತ್ತಿದ್ದವರು ಸುಗಿಮುರಾ, ಹದಿನೆಂಟರ ಹುಡುಗಿ ಕೇಕೊ ನಾಟಕ ತಂಡ ಸೇರಿ ಯಾರ ಚೀಲ ಹಿಡಿದು ನಿಂತಿದ್ದಳೋ ಅವರು.